ಪಟ್ಟಾ ಒದರಾಕತ್ತೇತಿ

ಮೊದಲೇ ಹೇಳಿಬಿಡುತ್ತೇನೆ: ನನಗೆ ಹಾಡಲು ಬರುವುದಿಲ್ಲ, ಒದರಲು ಬರುತ್ತದೆ. ವಿನಯಕ್ಕೆ ಹೇಳುವ ಮಾತಲ್ಲ ಇದು. ಒದರುವ ವಿಷಯದಲ್ಲಿ ನನಗೆ ಒಂದಿಷ್ಟು ಜಂಬವೂ ಇದೆ. ಕನ್ನಡದಲ್ಲಿ ಗಂಟಲು ಬಿಚ್ಚುವುದಕ್ಕೆ ಎಷ್ಟೊಂದು ಮಾತುಗಳಿವೆ ನೋಡಿ. ದೂರ ಹೋಗುವವರನ್ನು ಕೂಗುತ್ತೇವೆ. ಮೈಮೇಲೆ ಹಲ್ಲಿ ಬಿದ್ದರೆ ಕಿರುಚುತ್ತೇವೆ. ನೋವಿಗೆ ಚೀರುತ್ತೇವೆ, ಜಗಳದಲ್ಲಿ ಅರಚುತ್ತೇವೆ. ಇನ್ನು ಯಾರೂ ಕೇಳದಿದ್ದರೂ ಬಾಯಿ ಮುಚ್ಚದೆ ಇರುವುದುಂಟಲ್ಲ, ಅದಕ್ಕೆ ನಮ್ಮ ಕಡೆ ಒದರುವುದು ಎನ್ನುತ್ತಾರೆ. ನನ್ನ ಕಲೆಗೆ ಇಷ್ಟು ಸರಿಯಾದ ಹೆಸರನ್ನು ಯಾವ ವಿಮರ್ಶಕನೂ ಕೊಟ್ಟಿಲ್ಲ. ಕೊಡಲು ವಿಮರ್ಶಕರು ಯಾರೂ ಬಂದೂ ಇಲ್ಲ, ಆ ಮಾತು ಬೇರೆ.

ಇತ್ತೀಚೆಗೆ ಬೆಂಗಳೂರಿನಿಂದ ಒಬ್ಬ ತರುಣ ಫೋನ್ ಮಾಡಿದ್ದ. ಅಂತರ್ಜಾಲದಲ್ಲಿ ಸಂಗೀತದ ಪತ್ರಿಕೆ ನಡೆಸುತ್ತಾನಂತೆ. ನಾನು ಸ್ವತಂತ್ರ ಅಂಡರ್‌ಗ್ರೌಂಡ್ ಕಲಾವಿದೆಯೆಂದೂ, ನನ್ನ ಪ್ರಯೋಗಗಳು, ಸೋಲುಗಳು, ಕಲಿತ ಪಾಠಗಳು ಇವನ್ನೆಲ್ಲ ಹೇಳಬೇಕೆಂದೂ ಕೇಳಿದ. ಪಕ್ಕದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ನನ್ನ ಗಂಡ ಬಸವರಾಜನ ಕಿವಿಗೆ ಒಂದೇ ಶಬ್ದ ಬಿತ್ತು. “ಅಂಡರ್‌ಗ್ರೌಂಡ್ ಅಂದ್ರ ಯಾವುದು, ಗಟಾರದ್ದಾ?” ಎಂದ. ನಮ್ಮ ಓಣಿಯಲ್ಲಿ ಆಗ ಒಳಚರಂಡಿಗೆ ರಸ್ತೆ ಅಗೆದು ಬಿಟ್ಟಿದ್ದರು, ಅವನ ಚಿಂತೆ ಅವನಿಗೆ. ನಾನು ಆ ತರುಣನಿಗೆ ಆಮೇಲೆ ಹೇಳುತ್ತೇನೆಂದು ಫೋನ್ ಇಟ್ಟೆ. ಹೇಳಲಿಲ್ಲ. ಪಾಠ ಹೇಳುವುದು ನನ್ನ ಹೊಟ್ಟೆಪಾಡಾಗಿತ್ತು. ಕಲಿತದ್ದೇನೆಂದು ಕೇಳಿದರೆ ಮಾತ್ರ ತೊದಲುತ್ತೇನೆ.

ಹಳಿಯಾಳದ ಒಂದು ಖಾಸಗಿ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜಡೆಯ ಮರೆಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು. ಕಸಿದುಕೊಂಡೆ. ಸ್ಟಾಫ್ ರೂಮಿನಲ್ಲಿ ಕುತೂಹಲಕ್ಕೆ ನನ್ನ ಕಿವಿಗೇ ಇಟ್ಟುಕೊಂಡೆ. ಮೊದಲು ಫೋನ್ ಕೆಟ್ಟಿದೆ ಎಂದುಕೊಂಡೆ. ಕೇಳುತ್ತ ಹೋದಂತೆ, ಯಾರೋ ಒಬ್ಬ ಮನುಷ್ಯ ಹೊಟ್ಟೆಯ ತಳದಿಂದ ಒದರುತ್ತಿದ್ದಾನೆ, ಅದಕ್ಕೆ ತಾಳವೂ ಇದೆ ಎಂದು ತಿಳಿಯಿತು. ಯಾವ ಭಾಷೆಯೋ ಏನೋ. ಒಂದು ಅಕ್ಷರ ಅರ್ಥವಾಗಲಿಲ್ಲ. ಆದರೂ ಗಂಟೆ ಬಾರಿಸಿದ್ದು ಕೇಳದೆ ಕೂತೇ ಇದ್ದೆ.

ಅದರ ಹಿಂದಿನ ವರ್ಷ ನನ್ನ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತ್ತು. ನಾನು ಹುಟ್ಟಿ ಬೆಳೆದದ್ದು ಮುಂಡಗೋಡ ತಾಲೂಕಿನ ಇಂದೂರಿನಲ್ಲಿ. ಅಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ಕಟ್ಟಿದ ಎಮ್ಮೆ, ಮಡಚಿಟ್ಟ ಧೋತರ, ಅರ್ಧ ತಿಂದ ರೊಟ್ಟಿ, ಒಂದೊಂದನ್ನೂ ಹೆಸರು ಹಿಡಿದು ರಾಗವಾಗಿ ಅಳುತ್ತಾರೆ. ನಡುವೆ ಒಬ್ಬಾಕೆ ಕಣ್ಣೊರೆಸಿಕೊಂಡು “ಚಾ ಬಂತೇನ?” ಎಂದು ಕೇಳಿ, ಮತ್ತೆ ಬಿಟ್ಟ ಜಾಗದಲ್ಲೇ ಎತ್ತಿಕೊಳ್ಳುತ್ತಾಳೆ. ಚಿಕ್ಕಂದಿನಲ್ಲಿ ಇದು ನನಗೆ ನಾಟಕದಂತೆ ಕಾಣುತ್ತಿತ್ತು. ಆದರೆ ಉಸಿರೇ ಆಡದ ಕೂಸಿಗೆ ಹಾಡುವ ಪದ್ಧತಿ ಇಲ್ಲ. ಅದಕ್ಕೆ ಎಮ್ಮೆ ಇಲ್ಲ, ಧೋತರ ಇಲ್ಲ, ಏನೆಂದು ಹಾಡುತ್ತಾರೆ? ನಮ್ಮವ್ವ, ಅತ್ತೆ, ನರ್ಸು ಎಲ್ಲರೂ ಒಂದೇ ಮಾತು ಹೇಳಿದರು: “ಸುಮ್ನಿರು.” ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ಒಂದು ವರ್ಷ ಕಳೆದ ಮೇಲೆ ಆ ಇಯರ್‌ಫೋನ್ ಸಿಕ್ಕಿತ್ತು.

ಒದರಲು ಜಾಗ ಬೇಕಲ್ಲ? ಅದು ಮನೆಯಲ್ಲೇ ಇತ್ತು. ಮುಂದೆ ಹಿಟ್ಟಿನ ಗಿರಣಿ, ಹಿಂದೆ ಖಾಲಿ ಚೀಲ ಪೇರಿಸುವ ಕೋಣೆ. ರವಿವಾರ ಗಿರಣಿಗೆ ಪುರುಸೊತ್ತಿಲ್ಲದಷ್ಟು ಕೆಲಸ. ಆ ಗದ್ದಲದಲ್ಲಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ನಾನು ಒದರತೊಡಗಿದೆ. ಬಸವರಾಜ ಬೇಡವೆನ್ನಲಿಲ್ಲ. ಅವನಿಗೂ ಒದರುವುದಿತ್ತೋ ಏನೋ. ಅವನು ಗಿರಣಿಯ ಗಾಲಿ, ಅದನ್ನು ತಿರುಗಿಸುವ ಬೆಲ್ಟಿನ ಪಟ್ಟಾ ನೋಡುತ್ತ ನಿಲ್ಲುವವನು, ಅಷ್ಟೇ. ಜೋಳ ಬೀಸಿಸಲು ಬಂದ ಹೆಂಗಸರು ಮಾತ್ರ ದೂರುತ್ತಿದ್ದರು: “ಅಣ್ಣಾರ, ನಿಮ್ಮ ಗಿರಣಿ ಪಟ್ಟಾ ಒದರಾಕತ್ತೇತಿ. ಒಂದೀಟ ಎಣ್ಣಿ ಬಿಡಬಾರದ?” ಬಸವರಾಜ ಗಂಭೀರವಾಗಿ ಎಣ್ಣೆಯ ಡಬ್ಬಿ ತಂದು ಯಾವುದೋ ಮೂಲೆಗೆ ನಾಲ್ಕು ಹನಿ ಬಿಡುತ್ತಿದ್ದ. ನಮ್ಮ ತಂಡಕ್ಕೆ ಮುಂದೆ ‘ಪಟ್ಟಾ’ ಎಂಬ ಹೆಸರು ಬಂದದ್ದು ಹೀಗೆ.

ತಂಡ ಎಂದರೆ ಇಬ್ಬರು. ಎರಡನೆಯವನು ಜುಜೆ. ಹಳಿಯಾಳದಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ, ಮೂವತ್ತರ ಹತ್ತಿರದ ಆಳು. ಕಾಡಂಚಿನ ಸಣ್ಣ ಹಳ್ಳಿಯ ಸಿದ್ದಿ ಕ್ರಿಶ್ಚಿಯನ್ನರ ಮನೆಯವನು, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ನೆಲೆಸಿದವರ ಪೈಕಿ. ಅಪ್ಪ ತೀರಿಕೊಂಡಿದ್ದ, ಮನೆಯಲ್ಲಿ ಅವನೂ ಅವನ ತಾಯಿ ಕತ್ರಿನಬಾಯಿಯೂ ಇಬ್ಬರೇ. ಗಿರಣಿಯ ಮೋಟಾರು ಬಿಸಿಯಾಗುತ್ತಿದೆಯೆಂದು ಬಸವರಾಜ ಅವನನ್ನು ಕರೆಸಿದ್ದು ನನಗೆ ಗೊತ್ತಿರಲಿಲ್ಲ. ಅವನು ಮೋಟಾರು ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ. ಇಡೀ ಗಿರಣಿ ಸ್ತಬ್ಧವಾಗಿದ್ದಾಗ ಚೀಲಗಳ ಹಿಂದಿನಿಂದ ನನ್ನ ಧ್ವನಿಯೊಂದೇ ಬರುತ್ತಿತ್ತು. ಬಾಗಿಲು ಮೆಲ್ಲಗೆ ಸರಿಯಿತು.

“ಅಕ್ಕೋರ, ಮೋಟಾರ್ ಬಂದ್ ಮಾಡೇನ್ರಿ. ಆದ್ರೂ ಪಟ್ಟಾ ನಿಂದ್ರವಲ್ದು,” ಎಂದ.

ನಾಚಿಕೆಯಿಂದ ನನಗೆ ಚೀಲದೊಳಗೆ ಸೇರಿಕೊಳ್ಳುವಂತಾಯಿತು. ಅವನು ನಗಲಿಲ್ಲ. “ಇದಕ್ಕ ಕೆಳಗ ಒಂದ ದಪ್ಪ ದನಿ ಬೇಕ್ರಿ,” ಎಂದು ಹೇಳಿ ಹೋದ. ಮುಂದಿನ ತಿಂಗಳು ಅನಮೋಡ ಘಾಟಿನಾಚೆ ಗೋವಾಕ್ಕೆ ಹೋಗಿ ಯಾವುದೋ ಮದುವೆ ಬ್ಯಾಂಡಿನವರ ಹಳೆಯ ಬೇಸ್ ಗಿಟಾರ್ ತಂದ. ಗೋವಾದಿಂದ ಬರುವವನ ಕೈಯಲ್ಲಿ ಅಷ್ಟುದ್ದದ ಪೆಟ್ಟಿಗೆ ಕಂಡರೆ ಚೆಕ್‌ಪೋಸ್ಟಿನವರು ಬಿಡುತ್ತಾರೆಯೇ? ಗಿಟಾರನ್ನು ಹೊರತೆಗೆಸಿ, ತಟ್ಟಿ, ಅಲ್ಲಾಡಿಸಿ, ಒಳಗೆ ಬಾಟಲಿ ಇಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರಂತೆ. ಅದನ್ನು ನಮ್ಮ ಚೀಲದ ಕೋಣೆಯಲ್ಲೇ ಇಟ್ಟಿದ್ದ. ಮನೆಗೆ ಒಯ್ಯಲಿಲ್ಲ. “ಅವ್ವ ಬೈತಾಳ್ರಿ,” ಎಂದಷ್ಟೇ ಹೇಳುತ್ತಿದ್ದ.

ಸಿದ್ದಿ ಎಂದ ಕೂಡಲೇ ಜನ ಅವನ ಕೈಗೆ ಢೋಲು ಕೊಡುತ್ತಿದ್ದರು. ಜುಜೆಗೆ ಢೋಲು ಬರುತ್ತಿರಲಿಲ್ಲ, ಕುಣಿತವಂತೂ ದೇವರಿಗೇ ಪ್ರೀತಿ. ಅವನ ಬೆರಳುಗಳು ತಾಮ್ರದ ತಂತಿ ಸುತ್ತಿ ಸುತ್ತಿ ಪಳಗಿದ್ದವು, ಗಿಟಾರಿನ ನಾಲ್ಕು ತಂತಿಗಳ ಮೇಲೆ ತಾಳ್ಮೆಯಿಂದ ಓಡಾಡುತ್ತಿದ್ದವು. ಅವನು ಬಾರಿಸುತ್ತಿದ್ದರೆ ನನ್ನ ಒದರಾಟಕ್ಕೆ ಮೊದಲ ಸಲ ಕಾಲೂರಲು ನೆಲ ಸಿಕ್ಕಂತಾಯಿತು.

ಇನ್ನು ಸೋಲುಗಳು. ಮೊದಲನೆಯದು ಹಿಟ್ಟಿನದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಹಾಡಿನಲ್ಲಿ ನಮ್ಮಿಬ್ಬರಿಗಿಂತ ಗಿರಣಿಯೇ ಮುಂದಿತ್ತು. ಆಂಪ್ಲಿಫೈಯರಿನೊಳಗೆ ಹಿಟ್ಟು ಹೊಕ್ಕು, ಮಳೆಗಾಲದ ತೇವಕ್ಕೆ ಕಣಕವಾಗಿ, ಅದು ಸತ್ತೇಹೋಯಿತು. ಖಾರ ಕುಟ್ಟುವ ದಿನವಾದರೆ ಇನ್ನೂ ಕಷ್ಟ. ಮೆಣಸಿನಕಾಯಿಯ ಘಾಟಿಗೆ ನಾನು ಒದರುವ ಬದಲು ಕೆಮ್ಮುತ್ತಿದ್ದೆ, ಜುಜೆ ಕಣ್ಣು ಕೆಂಪು ಮಾಡಿಕೊಂಡು ಬಾರಿಸುತ್ತಿದ್ದ. ಆ ಕೆಮ್ಮಿನ ಹಾಡನ್ನೂ ಅಂತರ್ಜಾಲಕ್ಕೆ ಏರಿಸಿದೆವು. ಯಾವುದೋ ಚಳಿ ದೇಶದವನೊಬ್ಬ ಮೆಚ್ಚಿ ತಲೆಬುರುಡೆಯ ಚಿತ್ರ ಕಳಿಸಿದ. ಅದು ಹೊಗಳಿಕೆಯೆಂದು ಬಸವರಾಜನನ್ನು ನಂಬಿಸಲು ಬಹಳ ಹೊತ್ತು ಬೇಕಾಯಿತು.

ಎರಡನೆಯದು ದಾಂಡೇಲಿಯ ಒಂದು ಯುವಕ ಸಂಘದ ಸಾಂಸ್ಕೃತಿಕ ಸಂಜೆ. ಶಾಲೆಯವರಿಗೆ ಗುರುತು ಸಿಗಬಾರದೆಂದು ಮುಖಕ್ಕೆ ಹಿಟ್ಟು ಬಳಿದುಕೊಂಡಿದ್ದೆವು. ಇದರಲ್ಲಿ ನಮಗೆ ಒಳ್ಳೆಯ ಅನುಭವವಿದೆ, ಬೇಕಾದವರು ಉಪಯೋಗಿಸಿಕೊಳ್ಳಬಹುದು: ಅಕ್ಕಿಹಿಟ್ಟು ಮುಖಕ್ಕೆ ಹತ್ತುತ್ತದೆ, ಜೋಳದ್ದು ಉದುರುತ್ತದೆ, ಗೋಧಿ ಹಚ್ಚಿಕೊಂಡರೆ ಬೆವರಿಗೆ ಮುಖದ ಮೇಲೇ ಚಪಾತಿ ನಾದಿದಂತಾಗುತ್ತದೆ. ಮಕ್ಕಳ ಕೋಲಾಟ ಮುಗಿದ ಮೇಲೆ ನಮ್ಮ ಸರದಿ. ನಾನು ಮೈಕ್ ಹಿಡಿದು ಬಾಯಿ ತೆರೆದದ್ದಷ್ಟೇ. “ಕರೆಂಟ್ ಹೊಡೀತು!” ಎಂದು ಯಾರೋ ಕೂಗಿದರು. ಮೇನ್ ತೆಗೆದರು. ಕತ್ತಲಲ್ಲಿ ಒಬ್ಬ ಹಿರಿಯರು ಬಿದಿರಿನ ಕೋಲಿನಿಂದ ಮೈಕನ್ನು ನನ್ನ ಕೈಯಿಂದ ಬಿಡಿಸಲು ಬಲವಾಗಿ ಬಾರಿಸಿದರು. ಅವರ ಉದ್ದೇಶ ಜೀವ ಉಳಿಸುವುದು, ಪೆಟ್ಟು ಬಿದ್ದದ್ದು ನನ್ನ ಮಣಿಕಟ್ಟಿಗೆ. ಜುಜೆ ಕತ್ತಲಲ್ಲೇ, “ಕರೆಂಟ್ ಅಲ್ರೀ, ಹಾಡ್ರೀ ಅದು, ಹಾಡು!” ಎಂದು ಬೇಡಿಕೊಳ್ಳುತ್ತಿದ್ದ. ಮೋಟಾರು ರಿಪೇರಿಯವನ ಮಾತನ್ನೂ ಯಾರೂ ನಂಬಲಿಲ್ಲ.

ಮೂರನೆಯದನ್ನು ನಗುತ್ತ ಹೇಳಲು ನನಗೆ ಆಗುವುದಿಲ್ಲ. ಕಾಳಿ ನದಿಯ ದಂಡೆಯ ಒಂದು ರೆಸಾರ್ಟಿನವರು ಕರೆಸಿದ್ದರು. ಹೋಗಿ ನೋಡಿದರೆ ನಮ್ಮ ಹಾಡು ಅವರಿಗೆ ಬೇಕಿರಲಿಲ್ಲ. ತಂಡದಲ್ಲಿ ಒಬ್ಬ ಸಿದ್ದಿ ಇದ್ದಾನೆಂಬ ಸುದ್ದಿ ಸಿಕ್ಕಿತ್ತು, ಅಷ್ಟೇ. ಅಲ್ಲಿಯ ಮ್ಯಾನೇಜರು ಒಂದು ಢೋಲು, ಹೊಲಿದ ಎಲೆಗಳ ಸೊಂಟಪಟ್ಟಿ, ಮೈಗೆ ಬಳಿಯಲು ಬಿಳಿ ಬಣ್ಣ ತಂದು ಜುಜೆಯ ಮುಂದೆ ಇಟ್ಟ. “ಪ್ರವಾಸಿಗರಿಗೆ ಇದೇ ಇಷ್ಟ ಆಗೋದು. ಸುಮ್ಮನೆ ಬೆಂಕಿ ಸುತ್ತ ಕುಣಿದರೆ ಸಾಕು,” ಎಂದ.

ಜುಜೆ ಎಲೆಗಳನ್ನು ಮುಟ್ಟಿ ನೋಡಿದ. “ಸರ, ನಮ್ಮಪ್ಪ ಪ್ಯಾಂಟ ಹಾಕ್ಕೊಂಡ ಸತ್ತಾನ್ರಿ. ನಮ್ಮಜ್ಜ ಧೋತರ ಉಡ್ತಿದ್ದ. ಈ ಎಲಿ ಯಾರದು ನನಗ ಗೊತ್ತಿಲ್ರಿ,” ಎಂದ.

ಗಿಟಾರನ್ನು ಪೆಟ್ಟಿಗೆಗೆ ಹಾಕಿ ಬಂದೆವು. ಗಿರಣಿಗೆ ಬಂದ ಮೇಲೆ ಅವನು ಗಿಟಾರನ್ನು ನನ್ನ ಕೈಗೆ ಕೊಟ್ಟು, “ಇವತ್ತ ನಾ ಒದರ್ತೇನ್ರಿ, ನೀವು ಬಾರಸ್ರಿ,” ಎಂದ. ನಾನು ತಿಳಿದಂತೆ ತಂತಿ ಎಳೆದೆ. ಅವನು ಕಣ್ಣು ಮುಚ್ಚಿ ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತು. ಏನೂ ಬರಲಿಲ್ಲ. ಮತ್ತೆ ತೆರೆದ, ಬರಲಿಲ್ಲ. ಕೊನೆಗೆ ಚೀಲದ ಮೇಲೆ ಕೂತು ನಕ್ಕ. “ಒಳಗ ಭಾಳ ಐತ್ರಿ ಅಕ್ಕೋರ. ಬಾಗಲಾ ಸಣ್ಣದು, ಎಲ್ಲಾ ಒಮ್ಮೆಲೆ ಬರಾಕ ಹೋಗಿ ಸಿಕ್ಕೊಂಡೈತಿ,” ಎಂದ.

ಆ ಬಾಗಿಲು ದೊಡ್ಡದಾಗಲು ಸಮಯ ಸಿಗಲಿಲ್ಲ. ಕಬ್ಬಿನ ಹಂಗಾಮು ಶುರುವಾಗಿತ್ತು. ಒಂದು ರವಿವಾರ ಸಂಜೆ ನಮ್ಮಲ್ಲಿಂದ ಬೈಕಿನಲ್ಲಿ ಹೊರಟ. ಊರಿನ ಹಾದಿಯಲ್ಲಿ, ತಿರುವಿನ ಆಚೆ, ಗಾಲಿ ಪಂಕ್ಚರಾದ ಕಬ್ಬಿನ ಟ್ರ್ಯಾಲಿಯೊಂದನ್ನು ರಸ್ತೆಯಲ್ಲೇ ಬಿಟ್ಟು ಹೋಗಿದ್ದರು. ಹಿಂದೆ ದೀಪವಿಲ್ಲ, ಒಂದು ಕೆಂಪು ಬಟ್ಟೆಯೂ ಇಲ್ಲ. ಮಬ್ಬುಗತ್ತಲು. ಹೆಚ್ಚು ಹೇಳುವುದಕ್ಕೇನಿದೆ? ನಮ್ಮ ಕಡೆ ಹಂಗಾಮಿನಲ್ಲಿ ಇಂಥದು ಆಗುತ್ತಿರುತ್ತದೆ ಎಂದು ಪೇಟೆಯಲ್ಲಿ ಮಾತಾಡಿಕೊಂಡರು. ಮರುದಿನ ಟ್ರ್ಯಾಲಿ ಅಲ್ಲಿರಲಿಲ್ಲ, ರಸ್ತೆಯ ಮೇಲೆ ಕಬ್ಬಿನ ಒಣಗರಿ, ರವದಿ ಮಾತ್ರ ಬಿದ್ದಿತ್ತು.

ಅವನ ಹೆಣವನ್ನು ಆಸ್ಪತ್ರೆಯಿಂದ ಮನೆಗೆ ತರುವ ಹೊತ್ತಿಗೆ ನಾನೂ ಬಸವರಾಜನೂ ಅವರ ಊರಿಗೆ ಹೋದೆವು. ಗಿಟಾರು ಆ ಮನೆಗೆ ಸೇರಬೇಕಾದ್ದೆಂದು ಬಸವರಾಜ ಅದನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ. ಅಂಗಳದಲ್ಲಿ ಶವಪೆಟ್ಟಿಗೆಯ ಸುತ್ತ ಹೆಂಗಸರು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ಕತ್ರಿನಬಾಯಿ ಮಗನ ತಲೆಯ ಹತ್ತಿರ ಕೂತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಕಣ್ಣು ಒಣಗಿತ್ತು. “ಇನ್ನೂ ಅತ್ತಿಲ್ಲ ಆಕಿ, ಹೆಂಗರ ಮಾಡಿ ಅಳಸ್ಬೇಕು,” ಎಂದು ಪಕ್ಕದವರು ಪಿಸುಗುಡುತ್ತಿದ್ದರು. ನನ್ನನ್ನು ಕಂಡ ಮೇಲೆ ಪಿಸುಮಾತು ಬೇರೆ ಕಡೆ ತಿರುಗಿತು. ಸತ್ತವನ ಫೋನಿನಲ್ಲಿ ಕೊನೆಯ ಕರೆ ‘ಅಕ್ಕೋರು’ ಎಂಬ ಹೆಸರಿಗೆ ಇತ್ತಂತೆ. ಮದುವೆಯಾದ ಹೆಂಗಸಿನ ಹತ್ತಿರ ಈ ತರುಣನಿಗೆ ರವಿವಾರ ರವಿವಾರ ಏನು ಕೆಲಸ? ಆ ಪ್ರಶ್ನೆ ಅಂಗಳದ ತುಂಬ ಓಡಾಡಿ ಕೊನೆಗೆ ಕತ್ರಿನಬಾಯಿಯ ಬಾಯಿಗೆ ಬಂದು ನಿಂತಿತು.

“ಐತವಾರ ಬಂದ್ರ ನನ್ನ ಮಗ ನಿಮ್ಮ ಹಂತ್ಯಾಕ ಬರ್ತಿದ್ನಂತ. ಏನ ಮಾಡ್ತಿದ್ರಿ?”

ಬಸವರಾಜ ಗಿಟಾರನ್ನು ಅವಳ ಮುಂದೆ ಇಳಿಸಿ ಹೇಳಿದ, “ಹಾಡತಿದ್ರವ್ವಾ. ಇದು ಅವಂದ.”

ಅವಳು ಗಿಟಾರನ್ನು ನೋಡಿದಳು, ನನ್ನನ್ನು ನೋಡಿದಳು. “ಹಾಡಂದ್ರ ಎಂಥಾ ಹಾಡು? ಒಂದ ಹೇಳ್ರಿ, ಕೇಳ್ತೇನಿ.”

ನಮ್ಮ ಹಾಡುಗಳಲ್ಲಿ ಸಾವಿನ ಮನೆಯಲ್ಲಿ ಹೇಳುವಂಥದು ಒಂದೂ ಇರಲಿಲ್ಲ. ಪೂರ್ತಿಯಾದದ್ದೆಂದರೆ ಜೋಯಿಡಾಕ್ಕೆ ಹೋಗುವ ಬಸ್ಸಿನ ಬಗೆಗಿನದೊಂದು. ಜುಜೆ ಒಮ್ಮೆ ಮೋಟಾರು ಹೊತ್ತುಕೊಂಡು ಆ ಬಸ್ಸಿಗೆ ಅರ್ಧ ದಿನ ಕಾದು ರೇಗಿ ಬರೆದದ್ದು. ಮಾತು ಹೆಚ್ಚಿಲ್ಲ: ‘ಬರ್ಲಿಲ್ಲ, ಇನ್ನೂ ಬರ್ಲಿಲ್ಲ.’ ಅಷ್ಟೇ, ಮತ್ತೆ ಮತ್ತೆ. ಅಪಹಾಸ್ಯವಾದೀತೆಂದು ಹೆದರಿಕೆಯಾಯಿತು. ಹೇಳದಿದ್ದರೆ ಅವನ ಹೆಸರಿಗೆ ಹತ್ತುವ ಕೆಸರು ಒರೆಸುವವರು ಯಾರು? ಚಪ್ಪಲಿ ಕಳಚಿ ನೆಲದ ಮೇಲೆ ಗಟ್ಟಿಯಾಗಿ ನಿಂತೆ. ಕೆಳಗೆ ದಪ್ಪ ದನಿ ಇರಲಿಲ್ಲ. ಬಾಯಿ ತೆರೆದೆ.

ಗಿರಣಿಯ ಗದ್ದಲವಿಲ್ಲದೆ, ಗೋಡೆಯಿಲ್ಲದೆ, ಬಯಲಲ್ಲಿ ನಾನು ಹಾಗೆ ಒದರಿದ್ದು ಅದೇ ಮೊದಲು. ನಾಯಿಗಳು ಓಡಿದವು. ಒಂದು ಕೂಸು ಚೀರಿತು. ಎರಡನೆಯ ‘ಬರ್ಲಿಲ್ಲ’ಕ್ಕೆ ಧ್ವನಿ ಸೀಳಿತು. ಯಾರೋ ಬಂದು ನನ್ನ ರಟ್ಟೆ ಹಿಡಿದರು. “ಮೈಯಾಗ ಬಂದೈತಿ, ಹಿಡೀರಿ,” ಎಂದಿತು ಒಂದು ದನಿ.

ಕತ್ರಿನಬಾಯಿ ಕೈ ಎತ್ತಿದಳು. “ಬಿಡ್ರಿ ಆಕಿನ್ನ. ಹಾಡಾಕತ್ತಾಳ.”

ಬಿಟ್ಟರು. ಹಾಡು ಮುಗಿಸಿದೆ. ಅವಳು ಗಿಟಾರಿನ ಒಂದು ತಂತಿಯ ಮೇಲೆ ಬೆರಳಿಟ್ಟಳು.

“ಇದಕ್ಕ ಬರ್ತಿದ್ನಾ ಅವ?”

“ಹೌದ್ರೀ.”

“ನಾ ಕುಡ್ಯಾಕ ಹೊಕ್ಕಾನ ಅಂತ ತಿಳದಿದ್ದೆ. ಕಣ್ಣ ಕೆಂಪ ಮಾಡ್ಕೊಂಡ ಬರ್ತಿದ್ದ. ಕೇಳಿದ್ರ ನಗತಿದ್ದ. ನಿನ್ನೆನೂ ಬೈದ ಕಳಿಸಿದ್ನಿ. ಹೋಗ, ಕುಡದ ಸಾಯಿ ಹೋಗ ಅಂದಿದ್ನಿ.”

“ಅದು ಖಾರದ ಪುಡೀರಿ, ಅವ್ವಾ,” ಎಂದೆ. “ನಮ್ಮ ಗಿರಣ್ಯಾಗ ಖಾರ ಕುಟ್ಟತಾರ. ಅವ ಒಂದ ಹನಿ ಕುಡೀತಿರ್ಲಿಲ್ಲ.”

ಅವಳು ತಲೆಯಾಡಿಸಿದಳು. ಆಗಲೂ ಅಳಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಗಿಟಾರನ್ನು ಒಂದು ಕೌದಿಯಲ್ಲಿ ಸುತ್ತಿ ಒಳಗೆ ಒಯ್ದಳು.

ಮುಂದಿನದು ನನ್ನ ಕಲಾಜೀವನದ ದೊಡ್ಡ ಯಶಸ್ಸು. ಆ ಅಂಗಳದಲ್ಲಿ ಯಾರೋ ಮೊಬೈಲ್ ಎತ್ತಿ ಹಿಡಿದಿದ್ದರು. ‘ಹೆಣದ ಮುಂದೆ ದೆವ್ವ ಬಡಿದ ಟೀಚರ್’ ಎಂಬ ಹೆಸರಿನಲ್ಲಿ ಅದು ಹಳಿಯಾಳ, ದಾಂಡೇಲಿ, ಮುಂಡಗೋಡಗಳ ಫೋನುಗಳನ್ನೆಲ್ಲ ಸುತ್ತಿತು. ನಮ್ಮ ಯಾವ ಹಾಡೂ ಕಾಣದಷ್ಟು ಕೇಳುಗರನ್ನು ಕಂಡಿತು. ಜುಜೆಯ ಹೆಸರು ಅದರಲ್ಲೆಲ್ಲೂ ಇರಲಿಲ್ಲ, ಹಾಡೆಂಬ ಮಾತೂ ಇರಲಿಲ್ಲ. ಇಂದೂರಿನಿಂದ ನಮ್ಮವ್ವ ಯಂತ್ರದ ತಾಯಿತ ಮಾಡಿಸಿ ಕಳಿಸಿದಳು. ಶಾಲೆಯ ಮುಖ್ಯಾಧ್ಯಾಪಕರು ಕರೆದು ಚಹಾ ತರಿಸಿ, “ಮೇಡಂ, ಮನ್ಯಾಗ ಏನರ ತ್ರಾಸ ಐತೇನ್ರಿ? ಒಮ್ಮೆ ಉಳವಿ ಗುಡಿಗೆ ಹೋಗಿ ಬರ್ರಿ, ಮನಸ್ಸಿಗೆ ಸಮಾಧಾನ ಆಗತೈತಿ,” ಎಂದರು. ಒಳ್ಳೆಯ ಮನುಷ್ಯ, ನಿಜವಾಗಿ ಮರುಗಿದ್ದರು. ಪಾಲಕರು ಹಾಗೆ ಮರುಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬರುವುದು ಬೇಡವೆಂದು ಆಡಳಿತ ಮಂಡಳಿಯವರು ತಿಳಿಸಿದರು. ಈಗ ನಾನು ಗಿರಣಿಯಲ್ಲಿ ಹಿಟ್ಟು ತೂಗುತ್ತೇನೆ. ಉಳವಿಗೂ ಹೋಗಿ ಬಂದೆ. ಒದರುವುದು ನಿಂತಿತು. ಬೇಡವೆಂದಲ್ಲ, ಬಾಯಿ ತೆರೆದರೆ ಕೆಳಗಿನ ದನಿಗೆ ಕಾಯುತ್ತ ನಿಂತುಬಿಡುತ್ತಿದ್ದೆ. ಗಿರಾಕಿಗಳಿಗೆ ಪಟ್ಟಾ ಸುಧಾರಿಸಿದ್ದು ಸಂತೋಷವೇ ಆಯಿತು.

ಮೊನ್ನೆ ಕತ್ರಿನಬಾಯಿಯನ್ನು ನೋಡಿ ಬರಲು ಹೋಗಿದ್ದೆ. ಮನೆಗೆ ಬೀಗ. ಗೋವಿನಜೋಳದ ಹೊಲದಲ್ಲಿದ್ದಾಳೆ, ಮಂಗ ಬರದಂತೆ ಕಾಯುತ್ತಿದ್ದಾಳೆ ಎಂದರು. ದೂರದಿಂದಲೇ ಅವಳ ಧ್ವನಿ ಕೇಳಿತು. ಬದುವಿನ ಮೇಲೆ ನಿಂತು ಕಾಡಿನ ಕಡೆ ಮುಖ ಮಾಡಿ “ಹೋ... ಹೋ...” ಎಂದು ಕೂಗುತ್ತಿದ್ದಳು. ಹತ್ತಿರ ಹೋದಾಗ ನೋಡಿದೆ, ಮಂಗಗಳು ಯಾವಾಗಲೋ ಹೋಗಿಬಿಟ್ಟಿದ್ದವು. ಒಂದು ಕೊಂಬೆಯೂ ಅಲ್ಲಾಡುತ್ತಿರಲಿಲ್ಲ. ಅವಳು ಇನ್ನೂ ಕೂಗುತ್ತಲೇ ಇದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಸಮಾಧಾನ ಹೇಳುವುದು ನನಗೆ ತಿಳಿಯದು. ‘ಸುಮ್ನಿರು’ ಎಂಬ ಮಾತಂತೂ ಈ ಜನ್ಮದಲ್ಲಿ ನನ್ನ ಬಾಯಿಂದ ಬರುವುದಿಲ್ಲ. ಪಕ್ಕದಲ್ಲಿ ನಿಂತು ನಾನೂ ಬಾಯಿ ತೆರೆದೆ. ಬಂತು. ಹಳೆಯದೆಲ್ಲ ಒಟ್ಟಿಗೆ ಬಂತು. ಆಚೆಯ ಹೊಲದವರು ಎದ್ದು ನಿಂತರು, ಕಾಡಿನೊಳಗಿಂದ ಹಕ್ಕಿಗಳು ಹಿಂಡುಹಿಂಡಾಗಿ ಎದ್ದವು.

ಕತ್ರಿನಬಾಯಿ ಕೂಗುವುದನ್ನು ನಿಲ್ಲಿಸಿ ಕಿವಿಗೆ ಸೆರಗು ಒತ್ತಿಕೊಂಡು ನನ್ನ ಕಡೆ ತಿರುಗಿದಳು.

“ಅಕ್ಕೋರ, ಅಷ್ಟ ಜೋರ ಬ್ಯಾಡ್ರಿ. ಮಂಗ್ಯಾ ಹೊಲಾ ಬಿಟ್ಟ ಹೋದ್ರ ಸಾಕು, ತಾಲೂಕ ಬಿಟ್ಟ ಹೋಗೂದು ಬ್ಯಾಡ.”